ಐ7 ಅಂತ ಬರೆದದ್ದನ್ನು ಮಾತ್ರ ನೋಡಿ ಲ್ಯಾಪ್‌ಟಾಪ್ ತಗೊಳ್ಳಬೇಡಿ

ಬದಿಯಡ್ಕ, ಕುಂಬಳೆ, ನೀರ್ಚಾಲು ಕಡೆ ಮದುವೆ, ಉಪನಯನ, ಯಕ್ಷಗಾನದ ವಿಡಿಯೋ ಮಾಡುವ ಗೆಳೆಯರು ದಯವಿಟ್ಟು ಇದನ್ನು ಪೂರ್ತಿ ಓದಿ. 72 ಸಾವಿರ ಕೊಟ್ಟು ನಾನು ಅನುಭವಿಸಿದ್ದು ಇನ್ನೊಬ್ಬರಿಗೆ ಆಗಬಾರದು.

ನನ್ನ ಹತ್ತಿರ ಇಂಟೆಲ್ ಕಂಪೆನಿಯ ಕೋರ್ ಐ5-12400 ಪ್ರೊಸೆಸರ್‌ನ ಡೆಸ್ಕ್‌ಟಾಪ್ ಇತ್ತು. ಕೆಲಸ ಚೆನ್ನಾಗಿಯೇ ಆಗುತ್ತಿತ್ತು. ಆದರೆ ಕರೆಂಟು ಹೋದರೆ ಕೈಕಟ್ಟಿ ಕೂರಬೇಕು, ಹೋದಲ್ಲೆಲ್ಲ ಹೊತ್ತುಕೊಂಡು ಹೋಗಲಿಕ್ಕೂ ಆಗುವುದಿಲ್ಲ. ಲ್ಯಾಪ್‌ಟಾಪ್ ನೋಡೋಣ ಅಂತ ಪೇಟೆಯ ಒಂದು ಅಂಗಡಿಗೆ ಹೋದೆ. ಅಲ್ಲಿ ತೋರಿಸಿದ್ದು ಕೋರ್ ಐ7-1255ಯು ಇರುವ ತೆಳ್ಳಗಿನ ಲ್ಯಾಪ್‌ಟಾಪ್. "ನಿಮ್ಮದು ಐ5, ಆರು ಕೋರ್. ಇದು ಐ7, ಹತ್ತು ಕೋರ್. ಎರಡೂ 12ನೇ ಜನರೇಶನ್. ನಿಮ್ಮದು 4.4 ಗಿಗಾಹರ್ಟ್ಜ್, ಇದು 4.7ರವರೆಗೆ ಹೋಗ್ತದೆ" ಅಂದರು. ಕೋರ್ ಅಂದರೆ ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕ, ಗಿಗಾಹರ್ಟ್ಜ್ ಅಂದರೆ ಅದರ ವೇಗದ ಲೆಕ್ಕ. ವಿಡಿಯೋ ಎಡಿಟಿಂಗಿಗೆ ಆಗ್ತದಾ ಅಂತ ಎರಡು ಸಲ ಕೇಳಿದೆ. "ಧಾರಾಳ ಆಗ್ತದೆ ಅಣ್ಣ, ಕಣ್ಣು ಮುಚ್ಚಿ ತಗೊಳ್ಳಿ" ಅಂದರು. ಮನೆಗೆ ಬಂದವನು ಡೆಸ್ಕ್‌ಟಾಪನ್ನು ಪೆರ್ಲದ ಭಾವನ ಮಗನಿಗೆ ಕೊಟ್ಟುಬಿಟ್ಟೆ.

ಏಪ್ರಿಲ್‌ನಲ್ಲಿ ಒಂದು ಮದುವೆ. ಮದುಮಗನಿಗೆ ದುಬೈಯಲ್ಲಿ ಕೆಲಸ. ಬೆಳಿಗ್ಗೆ ಆರು ಗಂಟೆಗೆ ಮಂಗಳೂರು ಏರ್‌ಪೋರ್ಟಿಗೆ ಹೊರಡುವವರು, ಅಷ್ಟರೊಳಗೆ ಪೆನ್‌ಡ್ರೈವ್ ಕೊಡ್ತೇನೆ ಅಂತ ಮಾತು ಕೊಟ್ಟಿದ್ದೆ. ರಾತ್ರಿಯ ಶೂಟಿಂಗ್ ಆದ್ದರಿಂದ ಚಿತ್ರದಲ್ಲಿ ಚುಕ್ಕೆ ಚುಕ್ಕೆ ಬಂದಿತ್ತು. ಅದನ್ನು ತೆಗೆಯುವ ಕೆಲಸ ಪ್ರೊಸೆಸರ್‌ಗೆ ತುಂಬಾ ಭಾರ. ಮಧ್ಯರಾತ್ರಿ ಎರಡಕ್ಕೆ, ಎಡಿಟ್ ಆದದ್ದನ್ನು ಒಂದೇ ವಿಡಿಯೋ ಫೈಲ್ ಮಾಡಲು, ಎಕ್ಸ್‌ಪೋರ್ಟ್ ಕೊಟ್ಟೆ. ಡೆಸ್ಕ್‌ಟಾಪ್ ಆಗಿದ್ದರೆ ಇಂಥದ್ದು ಎರಡೂವರೆ ಗಂಟೆಯಲ್ಲಿ ಮುಗಿಯುತ್ತಿತ್ತು. ಮೊದಲ ಅರ್ಧ ನಿಮಿಷ ಲ್ಯಾಪ್‌ಟಾಪ್ ಹಾರಿದ ಹಾಗೆ ಓಡಿತು. ಆಮೇಲೆ ಫ್ಯಾನು ಕಿರುಚಲು ಶುರು. ಕೀಬೋರ್ಡಿನ ಮೇಲ್ಭಾಗದಲ್ಲಿ ಬೆರಳಿಡಲು ಆಗದಷ್ಟು ಬಿಸಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ ಪ್ರೊಸೆಸರ್ ವೇಗ ನಾಲ್ಕು ಗಿಗಾಹರ್ಟ್ಜ್ ಇದ್ದದ್ದು 1.8ಕ್ಕೆ ಇಳಿದು ಅಲ್ಲೇ ಕೂತಿತ್ತು. ಟೇಬಲ್ ಫ್ಯಾನ್ ಹಿಡಿದೆ, ಕೆಳಗೆ ಎರಡು ಪುಸ್ತಕ ಇಟ್ಟು ಎತ್ತರ ಮಾಡಿದೆ. ಐದೂಮುಕ್ಕಾಲಿಗೆ ನೋಡಿದರೆ ಎಪ್ಪತ್ತು ಪರ್ಸೆಂಟ್. ಅವರು ಬರಿಗೈಯಲ್ಲಿ ವಿಮಾನ ಹತ್ತಿದರು. ಆ ಮನೆಯವರ ಮುಖ ನೋಡಲು ಇವತ್ತಿಗೂ ನನಗೆ ಸಂಕಟ.

ಆಮೇಲೆ ಕೂತು ಎಲ್ಲ ಓದಿ ತಿಳಿದುಕೊಂಡೆ. ಅಂಗಡಿಯವರು ಹೇಳಿದ ಅಂಕಿ ಒಂದೂ ಸುಳ್ಳಲ್ಲ. ಹೇಳದೆ ಬಿಟ್ಟದ್ದೇ ಮುಖ್ಯವಾದದ್ದು. 12400ರ ಬೇಸ್ ಪವರ್, ಅಂದರೆ ಬಿಡದೆ ದುಡಿಯುವಾಗ ಎಳೆಯುವ ಕರೆಂಟಿನ ಲೆಕ್ಕ, 65 ವಾಟ್, ಜೋರಾಗಿ ಓಡುವಾಗ 117ರವರೆಗೆ ಎಳೆಯಬಹುದು. 1255ಯು ಬೇಸ್ ಪವರ್ ಬರೀ 15 ವಾಟ್. ಸ್ವಲ್ಪ ಹೊತ್ತು 55ಕ್ಕೆ ಏರಬಹುದು, ಆದರೆ ತೆಳ್ಳಗಿನ ಡಬ್ಬಿಯೊಳಗೆ ಅಷ್ಟು ಬಿಸಿ ಹೊರಗೆ ಹೋಗುವುದಿಲ್ಲ, ಮತ್ತೆ ಕೆಳಗೆ ಇಳಿಯಲೇಬೇಕು. 4.7 ಗಿಗಾಹರ್ಟ್ಜ್ ಅನ್ನುವುದು ಆ ಸ್ವಲ್ಪ ಹೊತ್ತಿನ ಮಾತು. ಇನ್ನು ಹತ್ತು ಕೋರ್ ಅಂದರೆ ಎರಡು ಜೋರಾಗಿ ಓಡುವ ದೊಡ್ಡದು, ಎಂಟು ಕರೆಂಟು ಉಳಿಸುವ ಸಣ್ಣದು. 12400ರಲ್ಲಿ ಆರಕ್ಕೆ ಆರೂ ದೊಡ್ಡದೇ. ಚಿಪ್ಪಿನ ತಪ್ಪು ಇದರಲ್ಲಿ ಇಲ್ಲ. ಬ್ಯಾಟರಿ ಬಾಳಿಕೆ ಬರಲಿ ಅಂತಲೇ ಅದನ್ನು ಹಾಗೆ ಮಾಡಿದ್ದಾರೆ. ಪತ್ರ ಟೈಪ್ ಮಾಡುವುದು, ಆನ್‌ಲೈನ್ ಕ್ಲಾಸು, ಲೆಕ್ಕಪತ್ರ, ಇದಕ್ಕೆಲ್ಲ ಒಳ್ಳೆಯ ಚಿಪ್ಪು. ಗಂಟೆಗಟ್ಟಲೆ ಪೂರ್ತಿ ದುಡಿಸುವ ಕೆಲಸಕ್ಕೆ ಅಲ್ಲ.

ಇದು ಹೊಸ ಸಂಗತಿಯೂ ಅಲ್ಲ. 7ನೇ ಜನರೇಶನ್‌ನ ಲ್ಯಾಪ್‌ಟಾಪ್ ಐ7-7500ಯುನಲ್ಲಿ ಇದ್ದದ್ದು ಎರಡೇ ಕೋರ್. ಅದೇ ಜನರೇಶನ್‌ನ ಡೆಸ್ಕ್‌ಟಾಪ್ ಐ5-7400ರಲ್ಲಿ ನಾಲ್ಕು. ಸೆಕೆಂಡ್‌ಹ್ಯಾಂಡ್ ತಗೊಳ್ಳುವವರು ಇದನ್ನೂ ನೆನಪಿಡಿ.

ಹಾಗಾಗಿ ಐ5, ಐ7 ಅನ್ನುವುದಕ್ಕಿಂತ ಸಂಖ್ಯೆಯ ಕೊನೆಯಲ್ಲಿರುವ ಅಕ್ಷರ ನೋಡಿ. ನನ್ನದರಲ್ಲಿ ಇದ್ದದ್ದು ಯು. 12ನೇ ಜನರೇಶನ್‌ನಲ್ಲಿ ಎಚ್ ಅಂತ ಇದ್ದರೆ ಬೇಸ್ ಪವರ್ 45 ವಾಟ್, ಎಚ್‌ಎಕ್ಸ್ ಇದ್ದರೆ 55. ಆದರೂ ಅಕ್ಷರ ಒಂದನ್ನೇ ನಂಬಬೇಡಿ, ಅದೇ ಚಿಪ್ಪು ಒಂದು ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿ ಇನ್ನೊಂದರಲ್ಲಿ ಸುಸ್ತಾಗುತ್ತದೆ. ಅಂಗಡಿಯಲ್ಲೇ ಸಿನಿಬೆಂಚ್ ಅನ್ನುವ, ಪ್ರೊಸೆಸರ್ ಪರೀಕ್ಷೆ ಮಾಡಿ ಅಂಕ ಕೊಡುವ ಪ್ರೋಗ್ರಾಂ ಹಾಕಿ ಹತ್ತು ನಿಮಿಷ ಓಡಿಸಿ ತೋರಿಸಲು ಹೇಳಿ. ಅದು ಉಚಿತವಾಗಿಯೇ ಸಿಗುತ್ತದೆ. ಒಂದು ನಿಮಿಷದ ಅಂಕಕ್ಕೆ ಬೆಲೆಯಿಲ್ಲ. ಅಂಗಡಿಯ ಎಸಿಯಲ್ಲಿ ಬರುವ ಅಂಕ ನಮ್ಮ ಊರಿನ ಮೇ ತಿಂಗಳ ಸೆಕೆಯಲ್ಲಿ ಇನ್ನೂ ಇಳಿಯಬಹುದು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಚಾರ್ಜರ್ ತೆಗೆದು ಇನ್ನೊಮ್ಮೆ ಓಡಿಸಿ, ಕೆಲವು ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ತುಂಬಾ ನಿಧಾನ. ರ್‍ಯಾಮ್ ಒಂದೇ ಕಡ್ಡಿಯಾ ಎರಡಾ ಅಂತಲೂ ಕೇಳಿ, ಎರಡಿದ್ದರೆ ಒಳ್ಳೆಯದು.

ಇಷ್ಟು ಕೇಳಿದರೆ ಬೇಸರ ಮಾಡುವ ಅಂಗಡಿಯಿಂದ ಸುಮ್ನೆ ಎದ್ದು ಬನ್ನಿ. ನಾನು ವಾಪಸ್ ಹೋದಾಗ "ಬಾಕ್ಸ್ ಓಪನ್ ಆಗಿದೆ, ಏನೂ ಮಾಡಲಿಕ್ಕೆ ಆಗುದಿಲ್ಲ" ಅಂದರು. ಲ್ಯಾಪ್‌ಟಾಪ್ ಪ್ರೊಸೆಸರನ್ನು ಬೋರ್ಡಿಗೇ ಬೆಸುಗೆ ಹಾಕಿರುವುದರಿಂದ ಬೇರೆಯದು ಹಾಕಿಸುವ ದಾರಿಯೂ ಇಲ್ಲ.

ಭಾವನ ಮಗ ಈಗ ಆ ಡೆಸ್ಕ್‌ಟಾಪ್‌ನಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಿದ್ದಾನೆ, ವಾಪಸ್ ಕೇಳಲು ಮನಸ್ಸು ಬರಲಿಲ್ಲ. ಪತ್ತನಾಜೆಯವರೆಗಿನ, ಅಂದರೆ ಮೇ ಕೊನೆಗೆ ತಿರುಗಾಟ ಮುಗಿಯುವವರೆಗಿನ, ಯಕ್ಷಗಾನ ಆಟಗಳ ವಿಡಿಯೋ ಇನ್ನೂ ರಾಶಿ ಬಿದ್ದಿದೆ. ವಾರಕ್ಕೆ ಎರಡು ಸಲ ಹಾರ್ಡ್ ಡಿಸ್ಕ್ ಹಿಡಿದು ಪೆರ್ಲದ ಬಸ್ಸು ಹತ್ತುತ್ತೇನೆ. ಅವನು ಓದಿ ಮಲಗಿದ ಮೇಲೆ ಎಕ್ಸ್‌ಪೋರ್ಟಿಗೆ ಇಟ್ಟು ಬೆಳಿಗ್ಗೆ ತರುತ್ತೇನೆ.

ನೀವು ನೋಡಿಟ್ಟ ಲ್ಯಾಪ್‌ಟಾಪಿನ ಪ್ರೊಸೆಸರ್ ಹೆಸರನ್ನು, ಕೊನೆಯ ಅಕ್ಷರದ ಸಮೇತ, ದುಡ್ಡು ಕೊಡುವ ಮೊದಲು ನನಗೆ ಕಳಿಸಿ. ನೋಡಿ ಹೇಳುತ್ತೇನೆ.