ಡಾಲಿ ಪ್ರಶ್ನಾವಳಿ: ಒಂದರಿಂದ ಐದನೇ ತರಗತಿಯ ಟೀಚರ್‌ಗಳು ಒಮ್ಮೆ ಕೈಗೆತ್ತಿಕೊಳ್ಳಲೇಬೇಕು

ನಾನು ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ನಲಿ-ಕಲಿ (ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂತು ಚಟುವಟಿಕೆಗಳಿಂದ ಕಲಿಯುವ ಪದ್ಧತಿ) ಮಕ್ಕಳಿಗೂ ನಾನೇ, ನಾಲ್ಕು-ಐದನೇ ತರಗತಿಯ ಕನ್ನಡಕ್ಕೂ ನಾನೇ. ಮಗುವಿಗೆ ಡಿಸ್ಲೆಕ್ಸಿಯಾ (ಬುದ್ಧಿ ಚೆನ್ನಾಗಿದ್ದರೂ ಓದು-ಬರಹ ಮಾತ್ರ ಕಷ್ಟವಾಗುವ ತೊಂದರೆ) ಇರಬಹುದಾ ಅಂತ ಮೊದಲ ಹಂತದಲ್ಲಿ ಟೀಚರೇ ನೋಡಿಕೊಳ್ಳಲು ಮಾಡಿರುವ 'ಡಾಲಿ' ಪ್ರಶ್ನಾವಳಿಯ ಬಗ್ಗೆ ಬರೆಯುತ್ತಿದ್ದೇನೆ. ಇದನ್ನು ಹರಿಯಾಣದ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು 2015ರಲ್ಲಿ ಹೊರತಂದರು. ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಇದೆ. ಡಿಸ್ಲೆಕ್ಸಿಯಾ ಅಂದ ತಕ್ಷಣ ಎಲ್ಲರೂ ಇಂಗ್ಲಿಷಿನ 'ಬಿ' ಮತ್ತು 'ಡಿ' ಅಕ್ಷರ ತಿರುವುಮುರುವಾಗುವ ಮಾತನ್ನೇ ಆಡುತ್ತಾರೆ. ಒತ್ತಕ್ಷರ, ಕಾಗುಣಿತ ಕಲಿಸುವ ನಮಗೆ ಅದರಿಂದ ಏನು ಉಪಯೋಗ ಹೇಳಿ? ಕನ್ನಡದ ಮಕ್ಕಳಿಗೆ ಅಂತಲೇ ಒಂದು ಸಾಧನ ಬಂತಲ್ಲ, ಅದು ನನಗೆ ನಿಜವಾಗಿ ಖುಷಿ ಕೊಟ್ಟ ವಿಷಯ.

ಇದರಲ್ಲಿ ಟೀಚರ್ ತುಂಬುವ ನಮೂನೆ ಎರಡು. ಒಂದು-ಎರಡನೇ ತರಗತಿಗೆ ಒಂದು, ಮೂರರಿಂದ ಐದಕ್ಕೆ ಇನ್ನೊಂದು. ಮಗುವನ್ನು ಕೂರಿಸಿ ಪರೀಕ್ಷೆ ಮಾಡಬೇಕಿಲ್ಲ. ತರಗತಿಯಲ್ಲಿ ದಿನಾ ಕಂಡದ್ದನ್ನು ನೆನಪಿಸಿಕೊಂಡು ಗುರುತು ಹಾಕುತ್ತಾ ಹೋದರಾಯಿತು. ಇದರ ಮುಂದಿನ ಭಾಗವಾದ ಭಾಷಾ ಪರೀಕ್ಷೆ ತಜ್ಞರು ಮಾಡುವಂಥದ್ದು, ನಮ್ಮ ಕೆಲಸ ಅಲ್ಲ.

ಇದನ್ನು ತುಂಬಲು ಕೂತಾಗ ಒಂದೊಂದು ಮಗುವನ್ನೂ ಬಿಡಿಬಿಡಿಯಾಗಿ ನೋಡಲೇಬೇಕಾಗುತ್ತದೆ. ನಲಿ-ಕಲಿಯಲ್ಲಿ ಇದು ತುಂಬಾ ಮುಖ್ಯ. ಅಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕಾ ಏಣಿ, ಅಂದರೆ ಹಂತಹಂತವಾಗಿ ಜೋಡಿಸಿದ ಪಾಠಗಳನ್ನು, ಹತ್ತುತ್ತದೆ. ಆ ಪದ್ಧತಿ ನನಗೆ ಇಷ್ಟ. ಆದರೆ ಮೊದಲ ಅಕ್ಷರಗುಂಪು 'ರ ಗ ಸ ದ ಅ' ಮುಗಿಸಿ 'ಜ ವ ಮ ಬ ನ' ಹತ್ತಿರ ನಿಂತುಬಿಟ್ಟ ಮಗು ಅಲ್ಲೇ ಎಷ್ಟು ತಿಂಗಳು ಕೂತಿದೆ, ಯಾಕೆ ಕೂತಿದೆ ಅನ್ನುವುದು ಗದ್ದಲದಲ್ಲಿ ಮರೆತೇ ಹೋಗಬಹುದು. ನಮೂನೆ ಮುಂದಿದ್ದರೆ ಆ ಮರೆವಿಗೆ ಜಾಗವಿಲ್ಲ.

ನಮ್ಮ ಮೂರನೇ ತರಗತಿಯ ಹುಡುಗನೊಬ್ಬನ ವಿಷಯ ಹೇಳುತ್ತೇನೆ. ಬೋರ್‌ವೆಲ್ ಮೋಟರ್ ಯಾಕೆ ಸ್ಟಾರ್ಟ್ ಆಗುತ್ತಿಲ್ಲ ಅಂತ ಅಪ್ಪನಿಗೆ ಹೇಳುವಷ್ಟು ಚುರುಕು. ಕಥೆ ಕೇಳಿದರೆ ಒಂದು ಮಾತೂ ಬಿಡದೆ ತಿರುಗಿ ಹೇಳುತ್ತಾನೆ. ಪುಸ್ತಕ ತೆರೆದರೆ ಮಾತ್ರ ಮುಖವೇ ಬದಲಾಗುತ್ತದೆ. ಮೊದಲ ಸಾಲಿನಲ್ಲಿ ಕಷ್ಟಪಟ್ಟು ಓದಿದ 'ಮರ', ಮೂರನೇ ಸಾಲಿನಲ್ಲಿ ಬಂದಾಗ ಮತ್ತೆ ಹೊಸದು. 'ಅಮ್ಮ' ಅನ್ನುವುದನ್ನು ಒಂದೇ ಪುಟದಲ್ಲಿ 'ಅಮ' ಅಂತಲೂ 'ಅಮಮ' ಅಂತಲೂ ಬರೆದಿರುತ್ತಾನೆ. ಬೋರ್ಡಿನಿಂದ ನಕಲು ಮಾಡುವಾಗ ಒಂದೊಂದು ಅಕ್ಷರಕ್ಕೂ ತಲೆ ಎತ್ತಿ ಇಳಿಸುತ್ತಾನೆ. ಪದಬಂಡಿ ಆಟದಲ್ಲಿ ತನ್ನ ಸರದಿ ಬಂದಾಗ ನೀರು ಕುಡಿಯಲು ಹೋಗುತ್ತಾನೆ. ಇವನ್ನೆಲ್ಲ ಬೇರೆ ಬೇರೆ ದಿನ ಕಂಡರೆ 'ಗಮನ ಇಲ್ಲ, ಸೋಮಾರಿ' ಅನ್ನುವ ಮಾತು ಸುಲಭವಾಗಿ ಬಂದುಬಿಡುತ್ತದೆ. ಒಂದೇ ಹಾಳೆಯ ಮೇಲೆ ಕಂಡಾಗ ಇವೆಲ್ಲ ಒಂದೇ ಕಡೆ ಬೆರಳು ತೋರಿಸುತ್ತವೆ. ಅವನಿಗೆ ಮಾತಿನ ಸದ್ದನ್ನು ಬಿಡಿಸಿ ಅಕ್ಷರಕ್ಕೆ ಕೂಡಿಸುವುದೇ ಕಷ್ಟ. ಬುದ್ಧಿಗೆ ಏನೂ ಆಗಿಲ್ಲ.

ಈ ಸದ್ದಿನ ಭಾಗವನ್ನು ನಾನು ಬಾಯಿಮಾತಲ್ಲೂ ನೋಡುತ್ತೇನೆ. 'ಕಮಲ'ದಿಂದ 'ಕ' ತೆಗೆದರೆ ಏನು ಉಳಿಯುತ್ತೆ ಅಂತ ಕೇಳುತ್ತೇನೆ. ಪ್ರಾಸದ ಪದ ಹೇಳಿಸುತ್ತೇನೆ. ದಿನಾ ನೋಡುವ ವಸ್ತುಗಳ ಚಿತ್ರ ಇಟ್ಟು ಬೇಗ ಬೇಗ ಹೆಸರು ಹೇಳಿಸುತ್ತೇನೆ. ಇನ್ನೊಂದು ಮಾತು. ಕನ್ನಡದಲ್ಲಿ ಹೆಚ್ಚುಕಡಿಮೆ ಬರೆದಂತೆಯೇ ಓದುತ್ತೇವೆ. ಹಾಗಾಗಿ ಸ್ವಲ್ಪ ದೊಡ್ಡ ಮಕ್ಕಳಲ್ಲಿ ತಪ್ಪಿಗಿಂತ ನಿಧಾನವೇ ದೊಡ್ಡ ಸುಳಿವು. ಐದನೇ ತರಗತಿಯಲ್ಲಿ ಸರಿಯಾಗಿಯೇ ಓದಿ, ಸಾಲು ಮುಗಿಯುವ ಹೊತ್ತಿಗೆ ಅದರ ಅರ್ಥ ಕಳೆದುಕೊಳ್ಳುವ ಮಗುವನ್ನು ದಯವಿಟ್ಟು ಬಿಡಬೇಡಿ.

ಇನ್ನು ಟೀಚರ್ ತನ್ನ ತಲೆ ಓಡಿಸಬೇಕಾದ ಜಾಗಕ್ಕೆ ಬರುತ್ತೇನೆ. ಯಾವ ನಮೂನೆಯೂ ನಮ್ಮ ಊರನ್ನು ನಮ್ಮಷ್ಟು ಬಲ್ಲದೇ? ಮನೆಯಲ್ಲಿ ಹಾಲಿಗೆ 'ಆಲು' ಅನ್ನುವ ಮಗು ಪುಸ್ತಕದಲ್ಲೂ ಹಾಗೇ ಬರೆಯುತ್ತದೆ. ಮಹಾಪ್ರಾಣ ನಮ್ಮ ಊರಿನ ಮಾತಲ್ಲೇ ಇಲ್ಲ, ಹಾಗಾಗಿ 'ಭ' ಜಾಗದಲ್ಲಿ 'ಬ' ಬರುತ್ತದೆ. ಪಾವಗಡದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಆ ಮಕ್ಕಳಿಗೆ ಶಾಲೆಯ ಕನ್ನಡ ಪದವೇ ಹೊಸದು. ಇದ್ಯಾವುದೂ ಡಿಸ್ಲೆಕ್ಸಿಯಾ ಅಲ್ಲ. ಮನೆಮಾತಿನಿಂದ ಬಂದ ತಪ್ಪಿಗೆ ಒಂದು ಕ್ರಮ ಇರುತ್ತದೆ, ಕಲಿಸಿದರೆ ನಿಧಾನಕ್ಕೆ ಸರಿಹೋಗುತ್ತದೆ. ಆ ಹುಡುಗನ 'ಅಮ', 'ಅಮಮ'ದ ಥರ ದಿನಕ್ಕೊಂದು ರೂಪ ತಾಳುವುದಿಲ್ಲ.

ವಯಸ್ಸನ್ನೂ ನೋಡಬೇಕು. ಒಂದನೇ ತರಗತಿಯಲ್ಲಿ ಅಕ್ಷರ ತಿರುಗಿಸಿ ಬರೆಯುವುದು ಸಾಮಾನ್ಯ. ಕನ್ನಡದ ಅಕ್ಷರ ಪೂರ್ತಿ ಕೈಗೆ ಹತ್ತಲು ಎಲ್ಲ ಮಕ್ಕಳಿಗೂ ವರ್ಷಗಳೇ ಬೇಕು. ಕನ್ನಡ ಕಲಿಯುವ ಮಕ್ಕಳ ಮೇಲೆ ಸಂಶೋಧಕಿ ಸೋನಾಲಿ ನಾಗ್ ಅವರು ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು. 'ಧರ್ಮ' ಬರೆಯುವಾಗ ಅರ್ಕಾವೊತ್ತನ್ನು ಎಲ್ಲಿಡಬೇಕು ಅಂತ ಮೂರನೇ ತರಗತಿಯ ಜಾಣ ಮಕ್ಕಳೂ ತಡಕಾಡುತ್ತಾರೆ, ಅಲ್ವಾ?

ಡಾಲಿ ಒಂದು ಜರಡಿ ಅಷ್ಟೇ. ಯಾರನ್ನು ಇನ್ನೂ ಹತ್ತಿರದಿಂದ ನೋಡಬೇಕು ಅಂತ ಹೇಳುತ್ತದೆ, ಡಿಸ್ಲೆಕ್ಸಿಯಾ ಇದೆ ಅಂತ ತೀರ್ಮಾನಿಸುವುದಿಲ್ಲ. ನಮೂನೆಯ ಅಂಕ ನೋಡಿದ ತಕ್ಷಣ ತಾಯಿಯನ್ನು ಕರೆಸಿ 'ನಿಮ್ಮ ಮಗುವಿಗೆ ಕಾಯಿಲೆ' ಅಂದುಬಿಡುವುದು ದೊಡ್ಡ ಅನ್ಯಾಯ. ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಲಿ. ಆರೋಗ್ಯ ತಪಾಸಣೆಗೆ ಶಾಲೆಗೆ ಬರುವ ಡಾಕ್ಟರ ತಂಡಕ್ಕೆ ಆ ಮಗುವನ್ನು ಬಿಡದೆ ತೋರಿಸಿ. ಆಮೇಲೆ ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿ.ಆರ್.ಸಿ.ಯಲ್ಲಿರುವ, ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಬಿ.ಐ.ಇ.ಆರ್.ಟಿ. ಶಿಕ್ಷಕರಿಗೆ ಹಾಳೆ ಕೊಟ್ಟು ಮಾತಾಡಿ. ಪೂರ್ತಿ ಮೌಲ್ಯಮಾಪನ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ ಇವೆ. ನಿಮ್ಹಾನ್ಸ್‌ನವರೇ ಇದಕ್ಕೊಂದು ಪರೀಕ್ಷಾ ಸರಣಿ ಮಾಡಿದ್ದಾರೆ.

ನಮ್ಮಂಥ ಊರಿನ ಪೋಷಕರಿಗೆ ಇದು ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ಹೋಗುವ ಕೆಲಸ. ಜಾಸ್ತಿ ಕಷ್ಟ ಅಲ್ಲೇ. ಹಾಗಾಗಿ ಹೋಗುವ ಮುಂಚೆ ಅದರಿಂದ ಏನು ಸಿಗುತ್ತದೆ ಅಂತ ಕೂರಿಸಿಕೊಂಡು ಹೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರ ನೆರವು ಕೇಳಬಹುದು. ಆದರೆ 8 ವರ್ಷ ತುಂಬುವ ಮೊದಲು ಆ ಪ್ರಮಾಣಪತ್ರ ಕೊಡುವುದಿಲ್ಲ. ಅದಕ್ಕೆ ಕಾಯುತ್ತಾ ಸುಮ್ನೆ ಕೂರಬೇಕಾಗಿಲ್ಲ. ಸಹಾಯ ಮಾಡಲು ಯಾರ ಸಹಿಯೂ ಬೇಡ. ಆ ಹುಡುಗನಿಗೆ ನಾನು ಪ್ರಶ್ನೆಗಳನ್ನು ಓದಿ ಹೇಳಿ, ಬಾಯಲ್ಲಿ ಉತ್ತರ ಕೇಳುತ್ತೇನೆ. ಎಲ್ಲರ ಮುಂದೆ ನಿಲ್ಲಿಸಿ ಓದಿಸುವುದಿಲ್ಲ. ಮರಳಲ್ಲಿ ಬೆರಳಿಂದ ಬರೆಯುತ್ತಾ, ಸದ್ದನ್ನು ಜೋರಾಗಿ ಹೇಳುತ್ತಾ ದಿನಾ ಸ್ವಲ್ಪ ಹೊತ್ತು ಒತ್ತಕ್ಷರ ಕಲಿಯುತ್ತಾನೆ.

ನಮೂನೆ ತರಿಸಿಕೊಳ್ಳುವವರಿಗೆ ನನ್ನ ಸಲಹೆ: ಜೂನ್‌ನಲ್ಲೇ ತುಂಬಬೇಡಿ. ಮಕ್ಕಳ ಪರಿಚಯ ಚೆನ್ನಾಗಿ ಆಗಲಿ. ದಸರಾ ರಜೆ ಮುಗಿದ ಮೇಲೆ, ಮಗುವಿನ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು, ಒಂದು ಸಲ ಕೂತಾಗ ಎರಡು-ಮೂರು ಮಕ್ಕಳದ್ದು ಮಾತ್ರ ತುಂಬಿ.