ಯುಕೆಲಿ ಬಾಡಿಗೆ ಮನೆ ಹುಡುಕ್ತಿರೋರು ದಯವಿಟ್ಟು ಓದಿ: ವಾಟ್ಸಾಪಲ್ಲಿ ಬಂದ ಗ್ಯಾಸ್ ಸರ್ಟಿಫಿಕೇಟ್ ನಂಬಿ ನಾವು ಮೋಸ ಹೋದ್ವಿ

ಬರೀಬಾರ್ದು ಅಂತಲೇ ಇದ್ದೆ. ಮನೆಯವರೂ "ಬಿಡೇ, ಹೇಳ್ಕೊಂಡ್ರೆ ನಮ್ಮ ಮರ್ಯಾದೆನೇ ಹೋಗೋದು" ಅಂದ್ರು. ಆದ್ರೆ ಮೊನ್ನೆ ಭಾನುವಾರ ನಾವಿದ್ದ ಅದೇ ಮನೆ ಫೋಟೋ ಬಾಡಿಗೆಗಿದೆ ಅಂತ ಮತ್ತೆ ಗ್ರೂಪಲ್ಲಿ ಬಿತ್ತು. ಅದೇ ಹಾಲ್, ಅದೇ ಗ್ಯಾಸ್ ಫೈರು (ರೂಮ್ ಬೆಚ್ಚಗಿಡೋಕೆ ಗೋಡೆಗೆ ಕೂರಿಸಿರೋ ಗ್ಯಾಸ್ ಹೀಟರ್), "ಕನ್ನಡ ಫ್ಯಾಮಿಲಿಗೆ ಆದ್ಯತೆ" ಅಂತ ಬೇರೆ. ಆ ಫೈರಿಗೆ ಇಂಜಿನಿಯರ್ ಅಂಟಿಸಿ ಹೋಗಿದ್ದ ಎಚ್ಚರಿಕೆ ಚೀಟಿ ಮಾತ್ರ ಫೋಟೋದಲ್ಲಿ ಕಾಣ್ಲಿಲ್ಲ. ನೋಡಿ ಮೈಯೆಲ್ಲಾ ಉರಿದುಹೋಯ್ತು, ಅದಕ್ಕೇ ನೈಟ್ ಶಿಫ್ಟ್ ಮುಗಿಸಿ ಬಂದು ನಿದ್ದೆ ಬಿಟ್ಟು ಕೂತು ಟೈಪ್ ಮಾಡ್ತಿದೀನಿ, ತಪ್ಪುಗಳಿದ್ರೆ ಹೊಟ್ಟೆಗೆ ಹಾಕ್ಕೊಳಿ.

ನಾವಿರೋದು ಲೆಸ್ಟರಲ್ಲಿ. 2024ರ ಸೆಪ್ಟೆಂಬರಲ್ಲಿ ಆ ಮನೆಗೆ ಹೋದ್ವಿ, ಹಳೇ ಕಾಲದ ಸಾಲುಮನೆ, ಎರಡು ಬೆಡ್‌ರೂಮು, ತಿಂಗಳಿಗೆ 1,100 ಪೌಂಡ್. ಓನರ್ ನಮ್ಮ ಕಡೆಯವರೇ, ಕನ್ನಡದವರು. ಹೆಸರು ಹಾಕಲ್ಲ, ಕೇಳ್ಬೇಡಿ. ಮೊದಲನೇ ಸಲ ಮನೆ ತೋರಿಸುವಾಗ ಅವರು "ಏನಮ್ಮಾ ತುಮಕೂರಾ, ನಮ್ಮ ದೊಡ್ಡಮ್ಮನ ಮನೆ ಅಲ್ಲೇ" ಅಂದಿದ್ದಕ್ಕೆ ನಾವಿಬ್ರೂ ಕರಗಿ ಹೋದ್ವಿ. ಏಜೆಂಟ್ ಇಲ್ಲ, ರೆಫರೆನ್ಸ್ ರಗಳೆ ಇಲ್ಲ, ನಮ್ಮೋರು ಅಂದ್ರೆ ನಮ್ಮೋರೇ ಅಂತ. ಗ್ಯಾಸ್ ಸರ್ಟಿಫಿಕೇಟ್ (ಮನೆಯ ಗ್ಯಾಸ್ ಸಾಮಾನೆಲ್ಲಾ ಚೆಕ್ ಮಾಡಿ ಇಂಜಿನಿಯರ್ ಕೊಡೋ ಕಾಗದ) ಇದೆಯಾ ಅಂಕಲ್ ಅಂತ ನಾನು ಕೇಳಿದ್ದೆ, ಅಷ್ಟು ಬುದ್ಧಿ ಇತ್ತು. "ಇಲ್ದೆ ಇರುತ್ತಾ ಕಣಮ್ಮಾ, ನಮ್ಮ ಹುಡುಗ ಕಾರ್ಗಿ ರಿಜಿಸ್ಟರ್ಡ್, ವರ್ಷ ವರ್ಷ ಬಂದು ನೋಡ್ಕೊಂಡು ಹೋಗ್ತಾನೆ" ಅಂದು ರಾತ್ರಿನೇ ಒಂದು ಪಿಡಿಎಫ್ ಕಳಿಸಿದ್ರು. ನಾನು ತೆಗೆದು ನೋಡಿದೆ. ನಮ್ಮ ಅಡ್ರೆಸ್ ಇತ್ತು, ಡೇಟ್ ಇತ್ತು, ಸೈನ್ ಇತ್ತು. ಥ್ಯಾಂಕ್ಸ್ ಅಂಕಲ್ ಅಂತ ಕೈ ಮುಗಿದ ಇಮೋಜಿ ಬೇರೆ ಹಾಕಿದೆ. ಅದನ್ನ ನೆನೆಸ್ಕೊಂಡ್ರೆ ಈಗಲೂ ನಾಚಿಕೆ ಆಗುತ್ತೆ.

ಅಂದಹಾಗೆ ಗ್ಯಾಸ್ ಇಂಜಿನಿಯರ್‌ಗಳ ಹೆಸರಿರೋ ಆ ಕಾರ್ಗಿ ಅನ್ನೋ ರಿಜಿಸ್ಟರ್ ಇಲ್ಲಿ 2009ರ ಏಪ್ರಿಲ್ 1ಕ್ಕೇ ಹೋಗಿ ಅದರ ಜಾಗಕ್ಕೆ ಗ್ಯಾಸ್ ಸೇಫ್ ರಿಜಿಸ್ಟರ್ ಬಂದಿದೆ. 2024ರಲ್ಲಿ ಯಾರಾದ್ರೂ ಕಾರ್ಗಿ ಅಂದ್ರೆ ಒಂದೋ ಹಳೇ ಬಾಯಿರೂಢಿ, ಇಲ್ಲಾ ಬುರುಡೆ. ಇದು ನಂಗೆ ಆಮೇಲೆ ಗೊತ್ತಾಗಿದ್ದು. ಎಲ್ಲಾ ಆಮೇಲೇ ಗೊತ್ತಾಗಿದ್ದು.

ಅಕ್ಟೋಬರ್ ಕೊನೆಗೆ ಅತ್ತೆ ಊರಿಂದ ಬಂದ್ರು. ಮೊದಲನೇ ಚಳಿ, ಪಾಪ, ಎರಡು ಸ್ವೆಟರ್ ಹಾಕ್ಕೊಂಡು ದಿನವಿಡೀ ಹಾಲಲ್ಲಿ ಆ ಗ್ಯಾಸ್ ಫೈರ್ ಮುಂದೇನೇ ಕೂತಿರೋರು. ಉರಿ ಹಳದಿಯಾಗಿ, ಹಣತೆ ಥರ ಮೆತ್ತಗೆ ಆಡ್ತಿತ್ತು. ಚೆನ್ನಾಗಿದೆ ಅಂತ ದೀಪಾವಳಿಗೆ ವಿಡಿಯೋ ಮಾಡಿ ಅಮ್ಮಂಗೂ ಕಳಿಸಿದ್ದೆ. ಒಂದು ವಾರಕ್ಕೆ ಅತ್ತೆಗೆ ತಲೆನೋವು ಶುರುವಾಯ್ತು. ಅಮೃತಾಂಜನ ಹಚ್ಚಿದ್ದಾಯ್ತು, ಜೀರಿಗೆ ಕಷಾಯ ಆಯ್ತು, ಪ್ಯಾರಸಿಟಮಾಲ್ ಆಯ್ತು. ವಾಕರಿಕೆ, ತಲೆಸುತ್ತು, ಎದ್ದು ನಿಂತ್ರೆ ಕಾಲಲ್ಲಿ ಶಕ್ತಿ ಇಲ್ಲ ಅನ್ನೋರು. ಚಳಿ ಒಗ್ಗಿಲ್ಲ ಅಂದ್ಕೊಂಡ್ವಿ. ಒಂದಿನ ನಾನು ಆಕ್ಸಿಮೀಟರ್ ಬೆರಳಿಗೆ ಹಾಕಿ ನೋಡಿದೆ, 98 ತೋರಿಸ್ತು. ಏನೂ ಇಲ್ಲ ಅತ್ತೆ ಆರಾಮಾಗಿದೀರ ಅಂದೆ. ನಾನು ನರ್ಸು. ಹೌದು, ನಗಿ. ಕಾರ್ಬನ್ ಮಾನಾಕ್ಸೈಡ್ (ಸಿಒ) ಅನ್ನೋ ವಿಷಗಾಳಿ ರಕ್ತಕ್ಕೆ ಸೇರ್ಕೊಂಡಿದ್ರೆ ಆ ಬೆರಳಿನ ಮಷೀನಿಗೆ ಅದಕ್ಕೂ ಆಕ್ಸಿಜನ್‌ಗೂ ವ್ಯತ್ಯಾಸ ಗೊತ್ತಾಗಲ್ಲ, ಎಲ್ಲಾ ಸರಿ ಇದೆ ಅಂತಲೇ ತೋರಿಸುತ್ತೆ. ಓದಿದ್ದೆ, ಪರೀಕ್ಷೆಲೂ ಬರೆದಿದ್ದೆ. ಸ್ವಂತ ಮನೆಲಿ ಹೊಳೀಲಿಲ್ಲ.

ಇನ್ನೂ ನಾಚಿಕೆಗೇಡಿನ ಮಾತು ಹೇಳ್ಬಿಡ್ತೀನಿ. ನವೆಂಬರಲ್ಲಿ ಬರ್ಮಿಂಗ್‌ಹ್ಯಾಮಲ್ಲಿರೋ ಫ್ರೆಂಡ್ ಮನೆಗೆ ಎರಡು ದಿನ ಹೋಗಿದ್ವಿ. ಅಲ್ಲಿ ಅತ್ತೆ ಬೆಳಗ್ಗೆ ಎದ್ದು ಅವರಿಗೆಲ್ಲಾ ತಟ್ಟೆಇಡ್ಲಿ ಮಾಡಿಕೊಟ್ರು, ನಕ್ಕೊಂಡು ಓಡಾಡ್ಕೊಂಡಿದ್ರು. ವಾಪಸ್ ಬಂದ ಮಾರನೇ ದಿನ ಮತ್ತೆ ತಲೆ ಹಿಡ್ಕೊಂಡು ಕೂತ್ರು. ನಾನು ಮನಸಲ್ಲೇ ಅಂದ್ಕೊಂಡೆ, ಓಹೋ, ನಮ್ಮನೇಲಿ ಮಾತ್ರ ತಲೆನೋವು, ಕಂಡೋರ ಮನೇಲಿ ಸರಿಹೋಗುತ್ತೆ. ನಾಟಕ ಅಂದ್ಕೊಂಡೆ. ಆಚೆ ಹೋದ್ರೆ ಸರಿಹೋಗಿ ಮನೆಗೆ ಬಂದ್ರೆ ಶುರುವಾಗೋ ತಲೆನೋವೇ ಈ ಸಿಒ ವಿಷದ ದೊಡ್ಡ ಲಕ್ಷಣ ಕಣ್ರೀ.

ಗೋಡೆ ವಿಷಯ. ಫೈರ್ ಮೇಲ್ಗಡೆ ಗೋಡೆ ಕಾಡಿಗೆ ಬಳಿದ ಹಾಗೆ ಕಪ್ಪಾಗ್ತಾ ಬಂತು. ಒರೆಸಿದ್ರೆ ಬಟ್ಟೆಗೆ ಮಸಿ. ಫೋಟೋ ತೆಗೆದು ಓನರಿಗೆ ಕಳಿಸಿದೆ. ಅವರ ಉತ್ತರ ಹಾಗೇ ಹಾಕ್ತೀನಿ: "ಪಕ್ಕದಲ್ಲೇ ದೇವರ ಶೆಲ್ಫ್ ಇಟ್ಕೊಂಡಿದೀಯಲ್ಲಮ್ಮಾ, ಊದುಬತ್ತಿ ಹೊಗೆ ಅದು. ಖಾಲಿ ಮಾಡುವಾಗ ಪೇಂಟ್ ಮಾಡಿಸಿಕೊಡ್ಬೇಕಾಗುತ್ತೆ." ಮತ್ತೆ ನಾನೇ ಸಾರಿ ಅಂಕಲ್ ಅಂದು ದೇವರನ್ನ ಬೆಡ್‌ರೂಮಿಗೆ ಸಾಗಿಸಿದೆ! ಸಾರಿ ಕೇಳಿದ್ದು ನಾನು!!

ಡಿಸೆಂಬರಲ್ಲಿ ಮಗಳು ಎರಡು ಸಲ ವಾಂತಿ ಮಾಡ್ಕೊಂಡ್ಲು. ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರ್) ವೈರಲ್ ಅಂದ್ರು. ವಾರ್ಡಲ್ಲಿ ಕಾಫಿ ಕುಡೀತಾ ಇದನ್ನೆಲ್ಲಾ ಹೇಳ್ಕೋತಿದ್ದಾಗ ನಮ್ಮ ಸಿಸ್ಟರ್ ಒಬ್ರು ಕಪ್ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದ್ರು, ಮನೇಲಿ ಗ್ಯಾಸ್ ಫೈರ್ ಇದೆಯಾ, ಸಿಒ ಅಲಾರಂ ಎಲ್ಲಿದೆ ಅಂತ. ಮೆಟ್ಟಿಲ ಹತ್ರ ಸೀಲಿಂಗಲ್ಲಿ ಬಿಳಿ ರೌಂಡ್ ಒಂದಿದೆ ಅಂದೆ. ಅದು ಸ್ಮೋಕ್ ಅಲಾರಂ, ಒಗ್ಗರಣೆ ಹಾಕಿದ್ರೆ ಕೂಗೋದು. ಸಿಒ ಅಲಾರಂ ಬೇರೇನೇ. ಅವತ್ತು ಮನೆಗೆ ಬರುವಾಗ ಇಪ್ಪತ್ತು ಪೌಂಡ್ ಆಸುಪಾಸಿನದ್ದು ಒಂದು ತಂದು ಹಾಲ್ ಶೆಲ್ಫ್ ಮೇಲಿಟ್ಟೆ. ಮುಕ್ಕಾಲು ಗಂಟೆ ಆಗಿರ್ಲಿಲ್ಲ, ಕಿವಿ ಹರಿದು ಹೋಗೋ ಹಾಗೆ ಕೂಗೋಕೆ ಶುರುವಾಯ್ತು.

ನಾನೇನ್ ಮಾಡಿದೆ ಹೇಳಿ? ಓನರಿಗೆ ಫೋನ್ ಮಾಡಿದೆ. ಅಲಾರಂ ಕೂಗ್ತಿದೆ, ಮನೇಲಿ ವಯಸ್ಸಾದೋರು, ಮಗು, ನಾನು ಅಂಕಲ್ ಅಂಕಲ್ ಅಂತಿದೀನಿ. ಅವರು ಏನಂದ್ರು ಗೊತ್ತಾ? "ಬ್ಯಾಟರಿ ತೆಗೆದುಬಿಡು ಕಣಮ್ಮಾ. ಅಗ್ಗದ ಚೈನಾ ಮಾಲು ತಂದಿರ್ತೀಯ. ಗ್ಯಾಸ್ ಲೀಕ್ ಆದ್ರೆ ವಾಸನೆ ಬರಲ್ವಾ? ಊರಲ್ಲಿ ನಾವು ಸಿಲಿಂಡರ್ ಪಕ್ಕದಲ್ಲೇ ಮಲಗಿ ಬೆಳೆದೋರು." ಒಂದು ಕ್ಷಣ ನಂಗೂ ಹೌದಲ್ವಾ ಅನ್ನಿಸ್ತು ನೋಡಿ. ನಮ್ಮ ತಲೇಲಿ ಗ್ಯಾಸ್ ಅಂದ್ರೆ ಆ ಕೆಟ್ಟ ವಾಸನೆ, ಅದನ್ನ ಗೊತ್ತಾಗ್ಲಿ ಅಂತಲೇ ಬೆರೆಸಿರ್ತಾರೆ. ಆದ್ರೆ ಗ್ಯಾಸ್ ಸರಿಯಾಗಿ ಉರೀದೆ ಹುಟ್ಟೋ ಕಾರ್ಬನ್ ಮಾನಾಕ್ಸೈಡಿಗೆ ವಾಸನೆನೂ ಇಲ್ಲ, ಬಣ್ಣನೂ ಇಲ್ಲ. ಬೆಂಗಳೂರಲ್ಲಿ ಬಾತ್‌ರೂಮಿನ ಗ್ಯಾಸ್ ಗೀಸರಿಂದ ಜನ ಸತ್ತ ಸುದ್ದಿ ಪೇಪರಲ್ಲಿ ಓದಿರ್ತೀವಲ್ಲ, ಅದೇ ಇದು.

ಮನೆಯವರು ನನ್ನ ಕೈಯಿಂದ ಫೋನ್ ಕಿತ್ಕೊಂಡು ಫೈರ್ ಆಫ್ ಮಾಡಿ, ಕಿಟಕಿ ಬಾಗಿಲೆಲ್ಲಾ ತೆಗೆದು, ಎಲ್ಲರನ್ನೂ ಆಚೆ ಕಾರಲ್ಲಿ ಕೂರಿಸಿ 0800 111 999ಕ್ಕೆ ಫೋನ್ ಮಾಡಿದ್ರು. ಗ್ಯಾಸ್ ಎಮರ್ಜೆನ್ಸಿ, ದಿನದ 24 ಗಂಟೆನೂ ಇರುತ್ತೆ, ದುಡ್ಡು ಕೇಳಲ್ಲ. ಒಂದು ಗಂಟೆ ಒಳಗೆ ಅವರ ಇಂಜಿನಿಯರ್ ಬಂದು ಫೈರಿಗೆ ಹೋಗೋ ಗ್ಯಾಸ್ ಬಂದ್ ಮಾಡಿ, ಉಪಯೋಗಿಸಬಾರದು ಅಂತ ಚೀಟಿ ಅಂಟಿಸಿ, ಈಗಲೇ ಆಸ್ಪತ್ರೆಗೆ ಹೋಗಿ ಅಂದ್ರು. ನಾನೇ ಕೆಲಸ ಮಾಡೋ ಆಸ್ಪತ್ರೆಗೆ, ನಾನೇ ಪೇಷಂಟ್ ಆಗಿ. ರಕ್ತ ಪರೀಕ್ಷೆ ಮಾಡಿದಾಗ ನಾಲ್ಕು ಜನರ ರಕ್ತದಲ್ಲೂ ಸಿಒ ಇತ್ತು, ಅತ್ತೆಗೆ ಎಲ್ಲರಿಗಿಂತ ಜಾಸ್ತಿ. ರಾತ್ರಿಯೆಲ್ಲಾ ಆಕ್ಸಿಜನ್ ಮಾಸ್ಕ್ ಹಾಕ್ಕೊಂಡು ಮಲಗಿದ್ರು. ಬೆಳಗ್ಗೆ ಮಾಸ್ಕ್ ತೆಗೆದು ಮೊದಲು ಕೇಳಿದ್ದು "ಆಸ್ಪತ್ರೆಗೆ ಎಷ್ಟಾಗುತ್ತಮ್ಮಾ" ಅಂತ.

ಮಾರನೇ ದಿನ ನಾವೇ ಗ್ಯಾಸ್ ಸೇಫ್ ಇಂಜಿನಿಯರ್ ಕರೆಸಿದ್ವಿ. ಆತ ಬಾಗಿಲಲ್ಲೇ ಫೋಟೋ ಇರೋ ಕಾರ್ಡ್ ತೋರಿಸಿ, ಹಿಂದೆ ತಿರುಗಿಸಿ ಯಾವ್ಯಾವ ಕೆಲಸಕ್ಕೆ ಅರ್ಹತೆ ಇದೆ ಅನ್ನೋದನ್ನೂ ತೋರಿಸಿದ. ಫೈರಿನ ಅಂಚಿಗೆ ಒಂದು ಹೊಗೆಕಡ್ಡಿ ಹಚ್ಚಿ ಹಿಡಿದ. ಹೊಗೆ ಒಳಗೆ ಚಿಮಣಿ ಕಡೆ ಎಳ್ಕೊಂಡು ಹೋಗ್ಬೇಕಂತೆ. ಸೀದಾ ತಿರುಗಿ ನಮ್ಮ ಮುಖಕ್ಕೇ ಬಂತು. ಆಮೇಲೆ ಫೈರನ್ನ ಗೋಡೆಯಿಂದ ಬಿಚ್ಚಿ ಮುಂದಕ್ಕೆಳೆದ್ರೆ ಹಿಂದೆ ಒಣಗಿದ ಕಡ್ಡಿ, ಪುಕ್ಕ, ಮಸಿ, ಇಟ್ಟಿಗೆ ಪುಡಿ, ಅರ್ಧ ಬಕೆಟ್. ಹಕ್ಕಿ ಗೂಡು, ಹೊಗೆ ದಾರಿಗೇ ಅಡ್ಡ. ಹಳೇದು, ಈ ವರ್ಷದ್ದಲ್ಲ ಅಂದ. ಉರಿ ಹಳದಿಯಾಗಿದ್ದದ್ದೂ ಅದಕ್ಕೇ. ಕೆಲವು ಅಲಂಕಾರದ ಫೈರಲ್ಲಿ ಬೇಕಂತಲೇ ಹಳದಿ ಉರಿ ಇಟ್ಟಿರ್ತಾರೆ, ನಮ್ಮದು ಅಂಥದಲ್ಲ, ನೀಲಿಯಾಗಿ ಉರೀಬೇಕಾಗಿದ್ದು.

ಹೋದ ಸಲದ ರೆಕಾರ್ಡ್ ಇದೆಯಾ ಅಂತ ಕೇಳಿದ. ಇದೆ ಇದೆ ಅಂತ ಜಂಬದಿಂದ ಆ ಪಿಡಿಎಫ್ ತೆಗೆದು ಕೊಟ್ಟೆ. ಆತ ಬೆರಳಲ್ಲಿ ದೊಡ್ಡದು ಮಾಡಿ ನೋಡಿದ, ಎದ್ದು ಅಡುಗೆಮನೆಗೆ ಹೋದ, ಮನೆ, ನೀರು ಬಿಸಿ ಮಾಡೋ ಗ್ಯಾಸ್ ಬಾಯ್ಲರ್ ಮುಂದೆ ಫೋನ್ ಹಿಡಿದ್ಕೊಂಡು ನಿಂತ. ಏನೂ ಮಾತಾಡ್ಲಿಲ್ಲ. ನನ್ನನ್ನ ಕರೆದು ತೋರಿಸಿದ. ಕಾಗದದಲ್ಲಿ ಬಾಯ್ಲರಿಗೆ ಒಂದು ಕಂಪನಿ ಹೆಸರು, ಗೋಡೆ ಮೇಲಿರೋ ಬಾಯ್ಲರ್ ಮೇಲೆ ಇನ್ನೊಂದು ಹೆಸರು. ಗ್ಯಾಸ್ ಫೈರ್ ಅನ್ನೋ ಸಾಲೇ ಇಲ್ಲ, ಬಾಯ್ಲರ್ ಒಂದು, ಹಾಬ್ (ಗ್ಯಾಸ್ ಒಲೆ) ಒಂದು, ಅಷ್ಟೇ. ಅಡ್ರೆಸ್ ಇರೋ ಸಾಲಿನ ಅಕ್ಷರ ಮಾತ್ರ ಬೇರೆ ಥರ, ಸ್ವಲ್ಪ ದಪ್ಪ. ಬೇರೆ ಯಾವುದೋ ಮನೆ ಸರ್ಟಿಫಿಕೇಟಿಗೆ ನಮ್ಮ ಮನೆ ಅಡ್ರೆಸ್ ಅಂಟಿಸಿದ್ದು ಅದು. ಮೂರು ತಿಂಗಳು ನನ್ನ ಫೋನಲ್ಲೇ ಇತ್ತು, ಬಾಯ್ಲರ್ ಪಕ್ಕ ಹಿಡಿದು ನೋಡೋಕೆ ಒಂದು ನಿಮಿಷ ಸಾಕಾಗಿತ್ತು. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದ್ವಿ. ಆ ಕಡೆಯ ಇಂಜಿನಿಯರ್ "ಸೈನ್ ನಂದೇ, ಆ ಬೀದಿಗೆ ನಾನು ಯಾವತ್ತೂ ಬಂದಿಲ್ಲ" ಅಂದ. ಅಡುಗೆಮನೆಲಿ ಹಾಗೇ ಕುಕ್ಕರುಗಾಲಲ್ಲಿ ಕೂತ್ಬಿಟ್ಟೆ.

ಓನರಿಗೆ ಹೇಳಿದ್ದಕ್ಕೆ ಬಂದ ಉತ್ತರಗಳು, ಬಂದ ಕ್ರಮದಲ್ಲೇ. ಮೊದಲು "ತಪ್ಪಿ ಬೇರೆ ಫೈಲ್ ಬಂದಿರ್ಬೇಕು, ಸರಿಯಾದ್ದು ಹುಡುಕ್ತೀನಿ". (ತಪ್ಪಿ ಬಂದ ಫೈಲಿನ ಮೇಲೆ ನಮ್ಮನೆ ಅಡ್ರೆಸ್ ಹೇಗೆ ಬಂತು ಸ್ವಾಮಿ?) ಆಮೇಲೆ "ಫೈರ್ ನಿಮಗೆ ಅಂತ ಕೊಟ್ಟಿದ್ದಲ್ಲ, ನೀವಾಗೇ ಹಚ್ಕೊಂಡ್ರೆ ನಾನು ಜವಾಬ್ದಾರನಲ್ಲ". ಆಮೇಲೆ "ಗ್ಯಾಸ್ ಬಂದ್ ಮಾಡಿಸಿದ್ದು ನೀವು, ಖರ್ಚೂ ನಿಮ್ಮದೇ". ಅದಾದ್ಮೇಲೆ ಅವರ ಹೆಂಡತಿ ಫೋನು, "ಒಂದೇ ಕಡೆಯವರು, ಕೌನ್ಸಿಲ್ ಗೀನ್ಸಿಲ್ ಅಂತ ಹೋಗ್ಬೇಡಮ್ಮಾ, ಕೂತು ಮಾತಾಡೋಣ, ಊಟಕ್ಕೆ ಬನ್ನಿ". ಕೊನೆಗೆ, ನಾವು ಬಗ್ಗಲ್ಲ ಅಂತ ಗೊತ್ತಾದ್ಮೇಲೆ, "ವೀಸಾದಲ್ಲಿರೋರು ನೀವು, ನೋಡ್ಕೊಳ್ಳಿ". ವೀಸಾಗೂ ಹಕ್ಕಿ ಗೂಡಿಗೂ ಏನ್ರೀ ಸಂಬಂಧ?

ಕಾನೂನು ಏನು ಅಂತ ನಾನು ತಿಳ್ಕೊಂಡಿದ್ದು ಇಷ್ಟು. 1998ರ ಗ್ಯಾಸ್ ಸುರಕ್ಷತೆ ನಿಯಮದ ಪ್ರಕಾರ ಓನರ್ ಕೊಟ್ಟಿರೋ ಪ್ರತಿ ಗ್ಯಾಸ್ ಸಾಮಾನನ್ನೂ, ಅದರ ಹೊಗೆ ದಾರಿನೂ, 12 ತಿಂಗಳಿಗೊಂದು ಸಲ ಗ್ಯಾಸ್ ಸೇಫ್ ಇಂಜಿನಿಯರ್ ಕೈಲಿ ಚೆಕ್ ಮಾಡಿಸಲೇಬೇಕು. ಹೊಸಬರಿಗೆ ಮನೆಗೆ ಬರೋ ಮುಂಚೆನೇ ಆ ರೆಕಾರ್ಡ್ ಕೊಡ್ಬೇಕು, ಇರೋರಿಗೆ ಚೆಕ್ ಆದ 28 ದಿನದೊಳಗೆ. ಈ ಕೆಲಸನ ಬಾಡಿಗೆದಾರರ ತಲೆಗೆ ಕಟ್ಟೋ ಹಾಗಿಲ್ಲ, ಅಗ್ರಿಮೆಂಟಲ್ಲಿ ಏನೇ ಬರ್ಕೊಂಡಿರ್ಲಿ. ನೀವೇ ತಂದ ಗ್ಯಾಸ್ ಒಲೆ ಆದ್ರೆ ಮಾತ್ರ ನಿಮ್ಮದು. ಇಂಗ್ಲೆಂಡಲ್ಲಿ 2022ರ ಅಕ್ಟೋಬರ್ 1ರಿಂದ ಬಾಯ್ಲರ್ ಅಥವಾ ಫೈರ್ ಇರೋ ರೂಮಲ್ಲೆಲ್ಲಾ ಸಿಒ ಅಲಾರಂ ಓನರೇ ಹಾಕಿಸ್ಬೇಕು, ಗ್ಯಾಸ್ ಒಲೆಗೆ ಮಾತ್ರ ಆ ರೂಲ್ ಇಲ್ಲ. ನಮ್ಮ ಮನೇಲಿ ಒಂದೂ ಇರ್ಲಿಲ್ಲ. ಅಲಾರಂ ವಿಷಯ ಕೌನ್ಸಿಲ್ (ನಮ್ಮ ಕಡೆ ನಗರಸಭೆ ಇದ್ದಂಗೆ) ನೋಡ್ಕೊಳುತ್ತೆ, ಹೇಳಿದ್ರೂ ಕೇಳ್ದೆ ಇರೋ ಓನರಿಗೆ 5,000 ಪೌಂಡ್ ತನಕ ದಂಡ ಹಾಕ್ಬಹುದು. ಸರ್ಟಿಫಿಕೇಟ್ ಇಲ್ಲ ಅನ್ನೋ ದೂರು ಎಚ್‌ಎಸ್‌ಇಗೆ (ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ). ಎರಡೂ ಕಡೆ ಕೊಟ್ಟಿದೀವಿ.

ಮನೆ ನೋಡೋಕೆ ಹೋಗೋರಿಗೆ: ಕಾಗದ ಕೈಲಿ ಹಿಡ್ಕೊಂಡು ಬಾಯ್ಲರ್ ಮುಂದೆ ನಿಲ್ಲಿ, ಹೆಸರು ತಾಳೆ ನೋಡಿ, ಮನೇಲಿರೋ ಗ್ಯಾಸ್ ಸಾಮಾನು ಎಷ್ಟು, ಕಾಗದದಲ್ಲಿ ಎಷ್ಟು ಎಣಿಸಿ. ಇಂಜಿನಿಯರ್ ನಂಬರನ್ನ ಗ್ಯಾಸ್ ಸೇಫ್ ವೆಬ್‌ಸೈಟಲ್ಲಿ ಹಾಕಿ ನೋಡಿ, ಅಷ್ಟಕ್ಕೇ ಬಿಡ್ಬೇಡಿ, ನಮ್ಮ ಕೇಸಲ್ಲಿ ನಂಬರ್ ನಿಜದ್ದೇ ಆಗಿತ್ತು. ಆತನಿಗೇ ಫೋನ್ ಮಾಡಿ. ಓನರ್ ಬೇಜಾರಾದ್ರೆ ಆಗ್ಲಿ. ನಮ್ಮೋರು ಅಂತ ನೀವು ದಾಕ್ಷಿಣ್ಯ ಮಾಡ್ಕೊತೀರ, ಅವರು ನೂರು ಪೌಂಡಿನ ಒಳಗೆ ಮುಗಿಯೋ ಚೆಕ್ ಉಳಿಸ್ಕೊಳ್ಳೋಕೆ ಪಿಡಿಎಫ್ ತಿದ್ತಾರೆ.

ಫೆಬ್ರವರಿಲಿ ಮನೆ ಬಿಟ್ವಿ. ಅತ್ತೆ ಊರಿಗೆ ವಾಪಸ್ ಹೋದ್ರು, ಈಗ ಆರಾಮಾಗಿದಾರೆ, ನಾಟಕ ಅಂದ್ಕೊಂಡಿದ್ದೆ ಅನ್ನೋದನ್ನ ಅವರಿಗೆ ಇನ್ನೂ ಹೇಳಿಲ್ಲ. ಡಿಪಾಸಿಟ್ 1,250 ಪೌಂಡ್, ಅದೊಂದನ್ನ ಮಾತ್ರ ಡಿಪಾಸಿಟ್ ಕಾಯೋ ಸ್ಕೀಮಲ್ಲಿ ಇಟ್ಟಿದ್ರು, ಪುಣ್ಯ. ಅದರಲ್ಲಿ 180 ಪೌಂಡ್ ಹಿಡ್ಕೋಬೇಕು ಅಂತ ಕ್ಲೇಮ್ ಹಾಕಿದಾರೆ. ಕಾರಣ ಅನ್ನೋ ಜಾಗದಲ್ಲಿ ಏನು ಬರ್ದಿದಾರೆ ಗೊತ್ತಾ, ಹಾಲ್ ಗೋಡೆಗೆ ಊದುಬತ್ತಿ ಹೊಗೆಯಿಂದ ಹಾನಿ. ನಾನೂ ಡಿಸ್ಪ್ಯೂಟ್ ಹಾಕಿದೀನಿ, ಇಂಜಿನಿಯರ್ ರಿಪೋರ್ಟು, ಆ ಅರ್ಧ ಬಕೆಟ್ ಗೂಡಿನ ಫೋಟೋ ಎರಡೂ ಸೇರಿಸಿ.