ಇರಲಾರದೆ ಇರುವೆ ಬಿಟ್ಟುಕೊಂಡೆ: ಟ್ರೇಲರ್ ಎಳೆಯುವ ಪಿಕಪ್, 6 ವರ್ಷ, ಒಂದು ಫ್ಲಶ್

ಈ ಪಿಕಪ್ ಕೊಂಡು 6 ವರ್ಷವಾಯಿತು. ಓಡಿದ್ದು 1,38,000 ಕಿ.ಮೀ. ಅದರಲ್ಲಿ ಅರ್ಧಕ್ಕರ್ಧ ಹಿಂದೆ ಟ್ರೇಲರ್ ಕಟ್ಟಿಕೊಂಡೇ ಓಡಿದ್ದು. ಟ್ರೇಲರ್ ಮೇಲೆ ನನ್ನ ಮಿನಿ ಎಕ್ಸ್‌ಕವೇಟರ್. ಎರಡೂ ಸೇರಿ ಎರಡೂವರೆ ಟನ್ ಹತ್ತಿರ ತೂಗುತ್ತವೆ. ಎಂಜಿನ್ ಎಷ್ಟು ಸಿಸಿ, ಟಾರ್ಕ್ ಎಷ್ಟು ಅನ್ನುವುದನ್ನೆಲ್ಲ ನೀವು ಆಗಲೇ ಓದಿರುತ್ತೀರಿ, ಅದು ಬೇಡ. ಎಂಟು ತಿಂಗಳ ಹಿಂದೆ ಬರೆಯಲು ಕೂತಿದ್ದರೆ ಇಲ್ಲಿ ಬರೀ ಹೊಗಳಿಕೆ ಇರುತ್ತಿತ್ತು. ಆಮೇಲೆ ಗೇರ್‌ಬಾಕ್ಸಿನ ಆಯಿಲ್ ಬದಲಿಸಲು ಹೋಗಿ ಕೈ ಸುಟ್ಟುಕೊಂಡೆ.

ಬೆಳಿಗ್ಗೆ ಟ್ರೇಲರ್ ಕಟ್ಟುವ ಹತ್ತು ನಿಮಿಷ ನನಗೆ ಬಲು ಇಷ್ಟ. ಕ್ಯಾಮೆರಾ ನೋಡಿಕೊಂಡು ಇಂಚಿಂಚೇ ಹಿಂದೆ ಬರುವುದು, ಗಾಡಿಯ ಹಿಂದಿನ ಕೊಂಡಿಯ (ಹಿಚ್) ಗುಂಡಿನ ಮೇಲೆ ಟ್ರೇಲರ್ ಮೂತಿಯ ಬಟ್ಟಲು (ಕಪ್ಲರ್) ಕೂತಾಗ ‘ಟಕ್’ ಅನ್ನುವ ಸದ್ದು ಕೇಳುವುದು, ಎರಡು ಸರಪಳಿಗಳನ್ನು ಕತ್ತರಿಯಂತೆ ಅಡ್ಡಡ್ಡ ಹಾಕುವುದು (ಕಪ್ಲರ್ ಕಳಚಿದರೂ ಮೂತಿ ನೆಲಕ್ಕೆ ಬಡಿಯದೆ ಸರಪಳಿಯ ತೊಟ್ಟಿಲಲ್ಲಿ ಬೀಳಲಿ ಅಂತ), ಲೈಟಿನ ಪ್ಲಗ್ ಚುಚ್ಚಿ ಹಿಂದೆ ಓಡಿ ಇಂಡಿಕೇಟರ್ ನೋಡುವುದು. ಆಮೇಲೆ ಟೋ ಮೋಡ್ ಬಟನ್. ಒತ್ತಿದರೆ ಗೇರ್‌ಬಾಕ್ಸ್ ಗೇರ್‌ಗಳನ್ನು ಬೇಗ ಬಿಡುವುದಿಲ್ಲ, ಇಳಿಜಾರಿನಲ್ಲಿ ತಾನೇ ಕೆಳಗಿನ ಗೇರಿಗೆ ಬಂದು ಎಂಜಿನ್ನಿನಿಂದಲೇ ಗಾಡಿ ತಡೆಯುತ್ತದೆ. ಐದೂವರೆ ವರ್ಷ ಈ 6 ಸ್ಪೀಡ್ ಆಟೊಮ್ಯಾಟಿಕ್ ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ಗೇರ್ ಬದಲಿಸಿತು.

ಹಾಗಾದರೆ ಅದನ್ನು ಮುಟ್ಟಿದ್ದಾದರೂ ಯಾಕೆ? ಭಾರ ಎಳೆಯುವ ಗಾಡಿಯಲ್ಲಿ ಗೇರ್‌ಬಾಕ್ಸ್ ಆಯಿಲ್ ಬೇಗ ಸುಡುತ್ತದೆ, ಬದಲಿಸಬೇಕು ಅಂತ ಗೊತ್ತಿತ್ತು. ಅದು ಸರಿಯೇ. ಎಡವಿದ್ದು ಬದಲಿಸಿದ ರೀತಿಯಲ್ಲಿ. ತಳದ ಆಯಿಲ್ ತಟ್ಟೆ (ಪ್ಯಾನ್) ಬಿಚ್ಚಿದರೆ ನನ್ನ ಗೇರ್‌ಬಾಕ್ಸಿನ 11 ಲೀಟರ್‌ನಲ್ಲಿ ಇಳಿಯುವುದು 5 ಮಾತ್ರ. ಉಳಿದದ್ದು ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಮತ್ತು ಆಯಿಲ್ ತಣಿಸುವ ಕೂಲರ್‌ನಲ್ಲಿ ಕೂತಿರುತ್ತದೆ. ಅದಕ್ಕೆ ಗ್ಯಾರೇಜಿನವರು ಮಷೀನ್ ಫ್ಲಶ್ ಮಾಡೋಣ ಅಂದರು. ಕೂಲರ್ ಪೈಪಿಗೆ ಮಷೀನ್ ಕಟ್ಟಿ, ಹಳೆಯದು ಹೊರಬಂದಷ್ಟೇ ಹೊಸದು ಒಳಗೆ ತಳ್ಳುತ್ತಾರೆ. ಮಷೀನಿನ ಗಾಜಿನ ಕಿಂಡಿಯಲ್ಲಿ ಕಾಫಿ ಡಿಕಾಕ್ಷನ್ನಿನಂಥ ಬಣ್ಣ ನಿಧಾನಕ್ಕೆ ತಿಳಿಗೆಂಪಾಗುವುದನ್ನು ನಿಂತು ನೋಡಿ ಖುಷಿಪಟ್ಟೆ. ಯಾವ ಆಯಿಲ್ ಹಾಕುತ್ತಿದ್ದೀರಿ ಅಂತ ಕೇಳಿದ್ದಕ್ಕೆ, "ಎಲ್ಲ ಗಾಡಿಗೂ ಆಗುತ್ತೆ ಸರ್, ಯೂನಿವರ್ಸಲ್" ಅಂದರು. ಅಲ್ಲೇ ನಾನು ಬೇಡ ಅನ್ನಬೇಕಿತ್ತು. ಮಷೀನಿನ ಕೆಲಸ ಆದ್ದರಿಂದ ಪ್ಯಾನ್ ಬಿಚ್ಚಲಿಲ್ಲ, ಫಿಲ್ಟರ್ ಹಳೆಯದೇ ಉಳಿಯಿತು.

ಮೂರನೇ ದಿನ ಬೆಳಿಗ್ಗೆ ತಣ್ಣನೆಯ ಗಾಡಿ ಸ್ಟಾರ್ಟ್ ಮಾಡಿ ರಿವರ್ಸ್‌ಗೆ ಹಾಕಿದೆ. ಏನೂ ಆಗಲಿಲ್ಲ. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಸುಮ್ಮನಿದ್ದು ‘ಧಡ್’ ಅಂತ ಹಿಡಿಯಿತು. ಅವತ್ತೇ ಏರಿನಲ್ಲಿ 3ರಿಂದ 4ಕ್ಕೆ ಹೋಗುವಾಗ ಎಂಜಿನ್ ಒಮ್ಮೆ ಹೂಂಕರಿಸಿತು, ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಗೇರ್‌ಬಾಕ್ಸ್ ಆಯಿಲ್ ಬಿಸಿ ಅದೇ ಏರಿನಲ್ಲಿ ಹಿಂದೆಲ್ಲ 95 ಡಿಗ್ರಿ ದಾಟುತ್ತಿರಲಿಲ್ಲ, ಈಗ 112. ಸಾಲದ್ದಕ್ಕೆ 70 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿಟ್ಟರೆ, ರಸ್ತೆಯಂಚಿನ ಉಬ್ಬುಪಟ್ಟಿಗಳ ಮೇಲೆ ಚಕ್ರ ಹತ್ತಿದ ಹಾಗೆ ಗಡಗಡ ನಡುಕ.

ಗ್ಯಾರೇಜಿಗೆ ವಾಪಸ್ ಹೋದೆ. "ಹಳೇ ಆಯಿಲ್‌ನಲ್ಲಿದ್ದ ಕ್ಲಚ್ ಪುಡಿಯಿಂದಲೇ ಹಿಡಿತ ಇತ್ತು ಸರ್, ಅದು ಹೋಯ್ತು, ಇನ್ನು ಗೇರ್‌ಬಾಕ್ಸ್ ಬಿಚ್ಚಲೇಬೇಕು" ಅಂದರು. ಈ ಮಾತು ಎಲ್ಲ ಕಡೆ ಓಡಾಡುತ್ತದೆ. ಕ್ಲಚ್ ತೀರಾ ಸವೆದ ಗಾಡಿಗಳಲ್ಲಿ ಇರಬಹುದೇನೋ. ಆದರೆ ಹಿಂದಿನ ವಾರದವರೆಗೆ ಚೂರೂ ಜಾರದೆ ಎರಡೂವರೆ ಟನ್ ಎಳೆದ ಕ್ಲಚ್ ಮೂರೇ ದಿನದಲ್ಲಿ ಸವೆಯಿತು ಅಂದರೆ ನಂಬುವುದು ಹೇಗೆ? ಬಿಚ್ಚಿಸುವಷ್ಟು ದುಡ್ಡೂ ಕೈಯಲ್ಲಿರಲಿಲ್ಲ, ನಿಜ ಹೇಳಬೇಕೆಂದರೆ. ಮನೆಗೆ ಬಂದು ಸರ್ವೀಸ್ ಮ್ಯಾನ್ಯುಯಲ್ ತೆಗೆದೆ.

ಕಂಪನಿಯ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ. ಈ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ ಇಲ್ಲ. ಬಾನೆಟ್ ಎತ್ತಿ, ಕಡ್ಡಿ ಎಳೆದು, ಬಿಳಿ ಬಟ್ಟೆಗೆ ಒರೆಸಿ, ಮೂಸಿ ನೋಡಿ ‘ಸುಟ್ಟಿಲ್ಲ’ ಅಂದುಕೊಳ್ಳುವ ಸುಖ ಇಲ್ಲ. ಪ್ಯಾನ್ ಪಕ್ಕದ ಒಂದು ಚೆಕ್ ಪ್ಲಗ್ಗೇ ಗತಿ. ಆಯಿಲ್ 35ರಿಂದ 45 ಡಿಗ್ರಿ ಇರುವಾಗ, ಗಾಡಿ ಸಮತಟ್ಟಾಗಿ ನಿಂತು ಎಂಜಿನ್ ಓಡುತ್ತಿರುವಾಗ ಅದನ್ನು ಬಿಚ್ಚಬೇಕು. ಆಯಿಲ್ ಸಣ್ಣಗೆ ತೊಟ್ಟಿಕ್ಕಿದರೆ ಮಟ್ಟ ಸರಿ.

ಗಾಡಿಯ ನಾಲ್ಕೂ ಮೂಲೆಗೆ ಸ್ಟ್ಯಾಂಡ್ ಕೊಟ್ಟೆ. ಮುಂದಷ್ಟೇ ಎತ್ತಿದರೆ ಆಯಿಲ್ ಹಿಂದಕ್ಕೆ ವಾಲಿ ಲೆಕ್ಕ ತಪ್ಪುತ್ತದೆ. ಬ್ರೇಕ್ ಒತ್ತಿ ಹಿಡಿದು ಲಿವರನ್ನು ಒಂದೊಂದೇ ಗೇರಿಗೆ ತಂದು, ಮತ್ತೆ ಪಾರ್ಕಿಗೆ ಹಾಕಿ, ನಾನು ಕೆಳಗೆ ನುಸುಳಿದೆ. ತಮ್ಮ ಒಳಗೆ ಕೂತು ಸ್ಕ್ಯಾನರ್ ಹಾಕಿದ ಫೋನಿನಲ್ಲಿ ಆಯಿಲ್ ಬಿಸಿ ನೋಡುತ್ತಿದ್ದ.

"ಅಣ್ಣಾ, ಮೂವತ್ತೆಂಟು."

ಪ್ಲಗ್ ಬಿಚ್ಚಿದೆ. ಒಂದು ಹನಿಯೂ ಬೀಳಲಿಲ್ಲ. ಬೆರಳು ಇಟ್ಟು ನೋಡಿದೆ, ಒಣಗಿತ್ತು. ಕೈ ಪಂಪಿನಲ್ಲಿ ಆಯಿಲ್ ತುಂಬುತ್ತಾ ಹೋದೆ. "ನಲವತ್ತೊಂದು… ನಲವತ್ತಮೂರು, ಬೇಗ ಕಣೋ!" ಒಂದು ಲೀಟರಿನ ಡಬ್ಬಿ ಖಾಲಿಯಾಗಿ ಎರಡನೆಯದು ಕಾಲುಭಾಗ ಇಳಿದ ಮೇಲೆ ಕೆಂಪು ದಾರದ ಹಾಗೆ ಹರಿದು, ನಂತರ ತೊಟ್ಟಿಕ್ಕಲು ಶುರುವಾಯಿತು. ಅಲ್ಲಿಗೆ ಒಂದು ಗುಟ್ಟು ಬಯಲಾಯಿತು. ಆಯಿಲ್ ಬಿಸಿಯಾದಂತೆ ಹಿಗ್ಗುತ್ತದೆ. ಫ್ಲಶ್ ಮುಗಿಸಿ ಬಿಸಿಬಿಸಿ ಗೇರ್‌ಬಾಕ್ಸಿನ ಪ್ಲಗ್ ಬಿಚ್ಚಿದ್ದಾರೆ, ಹಿಗ್ಗಿದ್ದೆಲ್ಲ ‘ಹೆಚ್ಚಾಯಿತು’ ಅಂತ ಹೊರಗೆ ಹರಿದಿದೆ. ತಣಿದ ಮೇಲೆ ಒಳಗೆ ಕೊರತೆ. ಬೆಳಿಗ್ಗೆ ಗೇರ್‌ಬಾಕ್ಸಿನ ಪಂಪ್ ಆಯಿಲಿನ ಜೊತೆ ಗಾಳಿಯನ್ನೂ ಎಳೆಯುತ್ತಿತ್ತು, ಏರಿನಲ್ಲಿ ಇದ್ದದ್ದೂ ಹಿಂದಕ್ಕೆ ಸರಿಯುತ್ತಿತ್ತು. ಗೇರ್‌ಬಾಕ್ಸ್ ಒಳಗಿನ ಕ್ಲಚ್‌ಗಳನ್ನು ಒತ್ತಿ ಹಿಡಿಯಲು ಬೇಕಾದ ಆಯಿಲ್ ಒತ್ತಡ ಬರುವುದಾದರೂ ಎಲ್ಲಿಂದ?

ಮರುದಿನ ರಿವರ್ಸ್ ತಕ್ಷಣ ಹಿಡಿಯಿತು. ಗಾಡಿಯ ಮೇಲಿದ್ದ ನನ್ನ ಮುನಿಸು ಅಲ್ಲಿಗೆ ಅರ್ಧ ಇಳಿಯಿತು. ಪಾಪ, ಅದರ ತಪ್ಪೇನಿತ್ತು.

ನಡುಕ ಮಾತ್ರ ಹೋಗಲಿಲ್ಲ. ಎಂಜಿನ್ನಿನದೋ ಗೇರ್‌ಬಾಕ್ಸಿನದೋ ಅಂತ ತಿಳಿಯಲು ಸುಲಭದ ದಾರಿಯೊಂದಿದೆ: ನಡುಗುವಾಗ ಆಕ್ಸಿಲರೇಟರ್ ಬಿಡದೆ ಎಡಗಾಲಿನಿಂದ ಬ್ರೇಕ್ ಪೆಡಲನ್ನು ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಸೋಕಿಸಿ. ಕನ್ವರ್ಟರ್ ಒಳಗಿನ ಲಾಕಪ್ ಕ್ಲಚ್ (ಎಂಜಿನ್ನನ್ನು ಗೇರ್‌ಬಾಕ್ಸಿಗೆ ನೇರವಾಗಿ ಬೆಸೆಯುವ ಕ್ಲಚ್) ಬಿಟ್ಟುಕೊಳ್ಳುತ್ತದೆ. ನನ್ನದರಲ್ಲಿ ನಡುಕ ಆ ಕ್ಷಣವೇ ನಿಂತಿತು. ಅಂದರೆ ಆ ಕ್ಲಚ್ಚಿಗೆ ಬೇಕಾದ ಜಾರು-ಹಿಡಿತದ ಹದ ಹೊಸ ಆಯಿಲಿನಲ್ಲಿ ಇಲ್ಲ. ಆಟೊಮ್ಯಾಟಿಕ್ ಆಯಿಲ್ ಬರೀ ಎಣ್ಣೆಯಲ್ಲ, ಅದರ ಹದವನ್ನು ಒಂದೊಂದು ಗೇರ್‌ಬಾಕ್ಸಿಗೂ ತಕ್ಕಂತೆ ಗೊತ್ತುಮಾಡಿರುತ್ತಾರೆ. ಡೆಕ್ಸ್ರಾನ್ 6, ಮರ್ಕಾನ್ ಎಲ್‌ವಿ, ಎಟಿಎಫ್ ಪ್ಲಸ್ 4 ಅನ್ನುವ ಬೇರೆ ಬೇರೆ ಕಂಪನಿಗಳ ಆಯಿಲ್‌ಗಳು ಮೂರೂ ಕೆಂಪಗಿದ್ದ ಮಾತ್ರಕ್ಕೆ ಒಂದೇ ಅಲ್ಲ.

ಮ್ಯಾನ್ಯುಯಲ್ ಹೇಳಿದ ಆಯಿಲನ್ನೇ ತಂದು ಪ್ಯಾನ್ ಬಿಚ್ಚಿದೆ. ಲೋಹದ ಪುಡಿ ಹಿಡಿಯಲು ಪ್ಯಾನಿನಲ್ಲಿರುವ ಮ್ಯಾಗ್ನೆಟ್ ಮೇಲೆ ಕಾಡಿಗೆಯಂಥ ನುಣುಪು ಬೂದು ಲೇಪ, ಎರಡು ಬೆರಳ ನಡುವೆ ಉಜ್ಜಿದರೆ ತರಿ ತಾಕಲಿಲ್ಲ. ಲೋಹದ ಚೂರು ಒಂದೂ ಇಲ್ಲ. ಆ ಸಂಜೆ ನೆಮ್ಮದಿಯಾಗಿ ಉಂಡೆ. ಹೊಸ ಫಿಲ್ಟರ್ ಹಾಕಿ, ಐದೈದು ಲೀಟರಿನಂತೆ ವಾರಕ್ಕೊಮ್ಮೆ ಮೂರು ಸಲ ಬದಲಿಸಿದೆ. 11ರಲ್ಲಿ 5 ತೆಗೆಯುತ್ತಾ ಹೋದರೆ ಮೂರನೇ ಸಲದ ಹೊತ್ತಿಗೆ ಯೂನಿವರ್ಸಲ್ ಶೇ. 16ರಷ್ಟು ಮಾತ್ರ ಉಳಿಯುತ್ತದೆ. ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಗೇರ್ ಬದಲಿಸುತ್ತಾ ಗೇರ್‌ಬಾಕ್ಸ್ ಕಂಪ್ಯೂಟರ್ ತಾನಾಗಿ ಕಲಿತಿಟ್ಟುಕೊಂಡಿದ್ದ ಹಳೆಯ ಲೆಕ್ಕವನ್ನೂ ಅಳಿಸಿಸಿದೆ.

ಈಗ ಏರಿನಲ್ಲಿ ಬಿಸಿ ಮತ್ತೆ 96ಕ್ಕೆ ಬಂದಿದೆ. ಗಾಡಿಗೆ 5ಕ್ಕೆ 4 ಕೊಡುತ್ತೇನೆ. ಡಿಪ್‌ಸ್ಟಿಕ್ ಇದ್ದಿದ್ದರೆ ಇನ್ನೂ ಅರ್ಧ ಸೇರಿಸುತ್ತಿದ್ದೆ. ಆ ಫ್ಲಶ್‌ಗೆ ಸೊನ್ನೆ. ಟ್ರೇಲರ್ ಇಲ್ಲದೆ 70ರಲ್ಲಿ ಹೋಗುವಾಗ ವಾರಕ್ಕೊಮ್ಮೆ ಒಂದು ಸಣ್ಣ ಗಡಗಡ ಇನ್ನೂ ಬರುವುದುಂಟು. ಬಂದಾಗಲೆಲ್ಲ ನನ್ನ ಎಡಗಾಲು ತಾನಾಗಿಯೇ ಬ್ರೇಕ್ ಕಡೆ ಹೋಗುತ್ತದೆ.